ಗಾಳಿಯ ಲೆಕ್ಕ ಬದಲಾದರೆ ನಕ್ಷತ್ರದ ಜಾತಕವೂ ಬದಲು

ಗುರುತ್ವ ಅಲೆಗಳ ಸುದ್ದಿ ಪತ್ರಿಕೆಯಲ್ಲಿ ಬಂದಾಗಲೆಲ್ಲ ಓದುಗರಿಂದ ಒಂದು ಪ್ರಶ್ನೆ ತಪ್ಪದೆ ಬರುತ್ತದೆ: ಎಷ್ಟು ದೊಡ್ಡ ನಕ್ಷತ್ರ ಸತ್ತರೆ ಎಷ್ಟು ದೊಡ್ಡ ಕೃಷ್ಣರಂಧ್ರ ಹುಟ್ಟುತ್ತದೆ? ಪ್ರಶ್ನೆಯೇನೋ ತ್ರೈರಾಶಿ ಲೆಕ್ಕದ ಹಾಗಿದೆ, ಉತ್ತರ ಹಾಗಿಲ್ಲ. ಸೂರ್ಯನ ಅರವತ್ತು ಪಟ್ಟು ತೂಕದೊಂದಿಗೆ ಹುಟ್ಟಿದ ನಕ್ಷತ್ರ ಸಾಯುವ ಹೊತ್ತಿಗೂ ಅರವತ್ತು ಪಟ್ಟೇ ತೂಗುವುದಿಲ್ಲ. ಬದುಕಿದ್ದಷ್ಟು ಕಾಲವೂ ಅದು ತನ್ನ ಮೈಯನ್ನು ತಾನೇ ಹೊರಕ್ಕೆ ತೂರುತ್ತಿರುತ್ತದೆ. ತೂರಿಹೋದದ್ದೆಷ್ಟು ಎಂದು ತಿಳಿಯದೆ ಉಳಿದದ್ದೆಷ್ಟು ಎಂದು ಹೇಳಲಾಗದು. ಅದನ್ನು ಯಾವ ದೂರದರ್ಶಕವೂ ನೇರವಾಗಿ ಅಳೆದು ಕೊಡುವುದಿಲ್ಲ. ಕಂಪ್ಯೂಟರಿನಲ್ಲಿ ಕಟ್ಟಿದ ಮಾದರಿಯ ಮೂಲಕ ನಕ್ಷತ್ರದ ಬೆಳಕಿನಿಂದ ಹಿಂಡಿ ತೆಗೆಯಬೇಕು. ಕಳೆದ ಇಪ್ಪತ್ತು ಚಿಲ್ಲರೆ ವರ್ಷಗಳಲ್ಲಿ ಅನೇಕ ನಕ್ಷತ್ರಗಳಿಗೆ ಆ ಅಂಕಿ ಮೊದಲಿದ್ದುದರ ಮೂರನೇ ಒಂದು ಭಾಗದ ಆಸುಪಾಸಿಗೆ ಇಳಿದಿದೆ. ಇಳಿದದ್ದೇಕೆ, ಇಳಿದ ಅಂಕಿಯನ್ನು ಎಷ್ಟು ನಂಬಬಹುದು? ನನ್ನ ವಾದ ಇಷ್ಟು: ಈ ಗಾಳಿಯನ್ನು ಬೀಸುವ ಬಲ ಯಾವುದೆಂಬುದು ಐವತ್ತು ವರ್ಷಗಳ ಹಿಂದೆಯೇ ಇತ್ಯರ್ಥವಾಗಿದೆ. ತಕರಾರು ಉಳಿದಿರುವುದು ಗಾಳಿ ನುಣುಪಾಗಿ ಬೀಸುತ್ತದೋ ಗಂಟುಗಂಟಾಗಿ ಬೀಸುತ್ತದೋ ಎಂಬ, ಮೇಲ್ನೋಟಕ್ಕೆ ಕ್ಷುಲ್ಲಕವೆನಿಸುವ ಸಂಗತಿಯಲ್ಲಿ. ನಕ್ಷತ್ರದ ಭವಿಷ್ಯ ನಿಂತಿರುವುದು ಅದರ ಮೇಲೆಯೇ.

ಸೂರ್ಯನಿಂದಲೂ ಗಾಳಿ ಬೀಸುತ್ತದೆ. ಅದರ ಹೊರವಲಯವಾದ ಕರೋನಾ ಹತ್ತು ಲಕ್ಷ ಡಿಗ್ರಿಗೂ ಮೀರಿ ಕಾದಿರುವುದರಿಂದ ಅನಿಲದ ಒತ್ತಡವೇ ಅದನ್ನು ಹೊರಕ್ಕೆ ತಳ್ಳುತ್ತದೆ ಎಂದು ಯೂಜೀನ್ ಪಾರ್ಕರ್ 1958ರಲ್ಲಿ ತೋರಿಸಿದರು. (ಪರಿಶೀಲಕರು ಬೇಡವೆಂದ ಆ ಲೇಖನವನ್ನು ಪ್ರಕಟಿಸಿದವರು ಆಗ ಆಸ್ಟ್ರೋಫಿಸಿಕಲ್ ಜರ್ನಲ್‌ನ ಸಂಪಾದಕರಾಗಿದ್ದ ಸುಬ್ರಹ್ಮಣ್ಯನ್ ಚಂದ್ರಶೇಖರ್. ಅವರಿಗೂ ವಾದ ಒಪ್ಪಿಗೆಯಾಗಿರಲಿಲ್ಲ. ಗಣಿತದಲ್ಲಿ ತಪ್ಪು ಸಿಗಲಿಲ್ಲವೆಂದು ಅಚ್ಚಿಗೆ ಕಳಿಸಿದರು.) ಆದರೆ ಸೌರ ಮಾರುತ ತೀರ ತೆಳು. ತನ್ನ ಇಡೀ ಆಯುಷ್ಯದಲ್ಲಿ ಸೂರ್ಯ ಹೀಗೆ ಕಳೆದುಕೊಳ್ಳುವುದು ತನ್ನ ತೂಕದ ಹತ್ತು ಸಾವಿರದಲ್ಲಿ ಒಂದೆರಡು ಪಾಲು. ಇದರ ಪಕ್ಕದಲ್ಲಿ ಜೀಟಾ ಪಪಿಸ್ ಎಂಬ ನಕ್ಷತ್ರವನ್ನಿಟ್ಟು ನೋಡಿ. ಮಾರ್ಚ್ ಮೊದಲ ವಾರ ರಾತ್ರಿ ಒಂಬತ್ತರ ಸುಮಾರಿಗೆ ಕರ್ನಾಟಕದಿಂದ ದಕ್ಷಿಣಕ್ಕೆ ನೋಡಿದರೆ, ಅಗಸ್ತ್ಯ ನಕ್ಷತ್ರದ ಎಡಕ್ಕೆ ತುಸು ಮೇಲೆ ಅದು ಬರಿಗಣ್ಣಿಗೇ ಕಾಣುತ್ತದೆ. ಮೇಲ್ಮೈಯ ಉಷ್ಣತೆ ಸುಮಾರು 40,000 ಡಿಗ್ರಿ, ಬೆಳಕು ಹಲವು ಲಕ್ಷ ಸೂರ್ಯರಷ್ಟು. ಅದರ ಗಾಳಿಯ ವೇಗ ಸೆಕೆಂಡಿಗೆ ಸುಮಾರು 2,250 ಕಿಲೋಮೀಟರ್. ಹೊರಬೀಳುವ ದ್ರವ್ಯ ಸೌರ ಮಾರುತದ್ದಕ್ಕಿಂತ ಹತ್ತು ಕೋಟಿ ಪಟ್ಟಿಗೂ ಹೆಚ್ಚು. ಈಗಿನ ಅಂದಾಜಿನಂತೆ ವರ್ಷಕ್ಕೆ ಹೆಚ್ಚು ಕಡಿಮೆ ಒಂದು ಭೂಮಿಯ ತೂಕ. ಗಾಳಿ ನುಣುಪಾಗಿದೆ ಎಂದು ನಂಬಿದ್ದ ಕಾಲದ ಅಂದಾಜಿನಲ್ಲಿ ಎರಡು ಭೂಮಿ, ಕೆಲವು ಲೆಕ್ಕಗಳಲ್ಲಿ ಇನ್ನೂ ಹೆಚ್ಚು. ಒಂದು ಭೂಮಿಯ ವ್ಯತ್ಯಾಸ ದೊಡ್ಡದಲ್ಲ ಅನ್ನಿಸಬಹುದು. ಇಂಥ ನಕ್ಷತ್ರದ ಆಯುಷ್ಯ ನಲವತ್ತು ಐವತ್ತು ಲಕ್ಷ ವರ್ಷ. ವರ್ಷಕ್ಕೊಂದು ಭೂಮಿಯಂತೆ ಅಷ್ಟು ಕಾಲ ಲೆಕ್ಕ ಹಾಕಿದರೆ ಹತ್ತು ಹದಿನೈದು ಸೂರ್ಯರಷ್ಟು ದ್ರವ್ಯವಾಯಿತು. ಎರಡು ಭೂಮಿಯಾದರೆ ಅದರ ಇಮ್ಮಡಿ.

ಹೀಗೊಂದು ಗಾಳಿ ಬೀಸುತ್ತಿದೆ ಎಂಬುದಕ್ಕೆ ಸಾಕ್ಷಿ ಏನು? ಮಹಾವ್ಯಾಧನ ನಡುಪಟ್ಟಿಯಲ್ಲಿ ಸಾಲಾಗಿ ನಿಂತ ಮೂರು ನಕ್ಷತ್ರಗಳು ಎಲ್ಲರಿಗೂ ಗೊತ್ತು. 1965ರಲ್ಲಿ ಡೊನಾಲ್ಡ್ ಮಾರ್ಟನ್ ಮತ್ತು ಸಂಗಡಿಗರು ರಾಕೆಟ್ಟಿನಲ್ಲಿ ರೋಹಿತದರ್ಶಕವನ್ನು ವಾತಾವರಣದ ಮೇಲಕ್ಕೆ ಕಳಿಸಿ ಅವುಗಳ ಅತಿನೇರಳೆ ಬೆಳಕನ್ನು ಸೆರೆಹಿಡಿದರು. ನೆಲದಿಂದ ಇದು ಸಾಧ್ಯವಿಲ್ಲ, ನಮ್ಮ ಗಾಳಿಯೇ ಆ ಬೆಳಕನ್ನು ನುಂಗುತ್ತದೆ. ಸಿಕ್ಕ ರೋಹಿತದಲ್ಲಿ ಇಂಗಾಲ ಮತ್ತು ಸಿಲಿಕಾನ್ ಅಯಾನುಗಳ ಗೆರೆಗಳು ಇರಬೇಕಾದ ಜಾಗದಿಂದ ನೀಲಿಯ ಕಡೆಗೆ ಬಹುದೂರ ಸರಿದಿದ್ದವು. ಜೀಟಾ ಪಪಿಸ್‌ನ ಒಂದೇ ಗೆರೆಯನ್ನು ತೆಗೆದುಕೊಂಡು ನೋಡೋಣ. ಮೂರು ಎಲೆಕ್ಟ್ರಾನ್ ಕಳೆದುಕೊಂಡ ಇಂಗಾಲ, ನಿಂತಲ್ಲೇ ನಿಂತಿದ್ದರೆ, 154.8 ನ್ಯಾನೋಮೀಟರ್ ಅಲೆಯುದ್ದದ ಬೆಳಕನ್ನು ಹೀರುತ್ತದೆ. ರೋಹಿತದಲ್ಲಿ ಕತ್ತಲು ಅಲ್ಲಿಂದ ಶುರುವಾಗಿ ಎಡಕ್ಕೆ ಹಬ್ಬುತ್ತಾ ಹೋಗಿ 153.7ರ ಹತ್ತಿರ ಕತ್ತರಿಸಿದ ಹಾಗೆ ನಿಲ್ಲುತ್ತದೆ. ಬಲಕ್ಕೆ ಒಂದು ಹೊಳೆವ ಉಬ್ಬು. ಕತ್ತಲ ಭಾಗ ನಕ್ಷತ್ರದ ಮುಂದೆ, ನಮ್ಮತ್ತ ನುಗ್ಗಿ ಬರುತ್ತಿರುವ ಅನಿಲದ್ದು. ಉಬ್ಬು ಸುತ್ತಲೂ ಹರಡಿ ಬೆಳಕನ್ನು ಚೆದುರಿಸುತ್ತಿರುವ ಅನಿಲದ್ದು. 1.1 ನ್ಯಾನೋಮೀಟರ್ ಸರಿತವನ್ನು ಡಾಪ್ಲರ್ ಸೂತ್ರಕ್ಕೆ ಹಾಕಿದರೆ ಸೆಕೆಂಡಿಗೆ ಎರಡು ಸಾವಿರ ಚಿಲ್ಲರೆ ಕಿಲೋಮೀಟರ್ ಸಿಗುತ್ತದೆ. ವೇಗದ ವಿಷಯದಲ್ಲಿ ಆದ್ದರಿಂದ ಯಾರಿಗೂ ಜಗಳವಿಲ್ಲ. ಅದನ್ನು ಗೆರೆಯ ಅಂಚಿನಿಂದ ಓದಿಬಿಡಬಹುದು. ಜಗಳವೆಲ್ಲ ದ್ರವ್ಯದ ಮೊತ್ತದ್ದು. ಇಂಗಾಲದ ಆ ಗೆರೆ ತಳದವರೆಗೂ ಕತ್ತಲಾಗಿದೆ. ಇನ್ನೂ ಹತ್ತು ಪಟ್ಟು ಇಂಗಾಲ ಸುರಿದರೂ ಅದು ಈಗಿರುವುದಕ್ಕಿಂತ ಹೆಚ್ಚು ಕಪ್ಪಾಗದು. ಅಲ್ಲಿಂದ ತೂಕ ಓದಲು ಬರುವುದಿಲ್ಲ.

ಇನ್ನು ಬೀಸುವ ಬಲ. ಇಷ್ಟು ಬಿಸಿಯ ನಕ್ಷತ್ರಗಳಿಗೆ ಸೂರ್ಯನಂಥ ಕರೋನಾದ ಹಂಗು ಬೇಕಿಲ್ಲ, ಬೆಳಕೇ ಸಾಕು. ಬೆಳಕಿಗೆ ಸಂವೇಗವಿದೆ, ಅದನ್ನು ಹೀರಿದ ಪರಮಾಣು ಮುಂದಕ್ಕೆ ತಳ್ಳಿಸಿಕೊಳ್ಳುತ್ತದೆ, ಹೀರಿದ ಬೆಳಕನ್ನು ಆಮೇಲೆ ಯಾವ ದಿಕ್ಕಿಗೆ ಬೇಕಾದರೂ ಉಗುಳುತ್ತದೆ. ಜಮಾ ಖರ್ಚು ನೋಡಿದರೆ ನಿವ್ವಳ ಲಾಭ ಹೊರಮುಖದ ತಳ್ಳು. ವಿಚಿತ್ರವೆಂದರೆ ಗಾಳಿಯ ಬಹುಪಾಲಾದ ಹೈಡ್ರೋಜನ್ ಮತ್ತು ಹೀಲಿಯಂ ಈ ಕೆಲಸದಲ್ಲಿ ಹೆಚ್ಚೂಕಡಿಮೆ ನಿರುದ್ಯೋಗಿಗಳು. ದುಡಿಯುವುದು ತೂಕದಲ್ಲಿ ನೂರಕ್ಕೆ ಎರಡು ಪಾಲೂ ಇಲ್ಲದ ಇಂಗಾಲ, ಸಾರಜನಕ, ಆಮ್ಲಜನಕ, ಮುಖ್ಯವಾಗಿ ಕಬ್ಬಿಣದ ಅಯಾನುಗಳು. ತಾವು ಪಡೆದ ತಳ್ಳನ್ನು ಅವು ಡಿಕ್ಕಿಗಳ ಮೂಲಕ ಉಳಿದ ಅನಿಲಕ್ಕೆ ಹಂಚುತ್ತವೆ. ಬೆಳಕು ಕೆಲವು ಪರಮಾಣುಗಳನ್ನು ಆಯ್ದು ಹೆಚ್ಚು ತಳ್ಳಬಲ್ಲದು ಎಂಬ ವಿಚಾರವನ್ನು ನಮ್ಮ ಮೇಘನಾದ ಸಾಹಾ 1919ರ ಹೊತ್ತಿಗೇ ಎತ್ತಿದ್ದರು. ಆದರೆ ಒಂದು ತೊಡಕಿತ್ತು. ಪರಮಾಣು ತನಗೆ ಬೇಕಾದ ಅಲೆಯುದ್ದವನ್ನು ಮಾತ್ರ ಹೀರುತ್ತದೆ, ಆ ಅಲೆಯುದ್ದವನ್ನು ಕೆಳಗಿನ ಪದರಗಳು ಆಗಲೇ ನುಂಗಿರುತ್ತವೆ. ನೆರಳಿನಲ್ಲಿ ನಿಂತವನಿಗೆ ತಳ್ಳು ಎಲ್ಲಿಂದ? ಎಡ್ವರ್ಡ್ ಮಿಲ್ನ್ 1926ರಲ್ಲಿ ದಾರಿ ತೋರಿಸಿದರು: ಪರಮಾಣು ಹೊರಕ್ಕೆ ಚಲಿಸತೊಡಗಿದರೆ ಡಾಪ್ಲರ್ ಪರಿಣಾಮದಿಂದ ಅದರ ಅಲೆಯುದ್ದ ಸರಿದು, ಇನ್ನೂ ಯಾರೂ ಮುಟ್ಟದ ಬೆಳಕು ಅದಕ್ಕೆ ಸಿಗುತ್ತದೆ. ಓಡಿದಷ್ಟೂ ಹೊಸ ಬೆಳಕು, ಹೊಸ ಬೆಳಕು ಸಿಕ್ಕಷ್ಟೂ ಓಟ. ಲಿಯಾನ್ ಲೂಸಿ ಮತ್ತು ಫಿಲಿಪ್ ಸಾಲಮನ್ 1970ರಲ್ಲಿ ಇದನ್ನು ಮಾರುತದ ಸಿದ್ಧಾಂತವನ್ನಾಗಿ ಕಟ್ಟಿದರು. 1975ರಲ್ಲಿ ಕ್ಯಾಸ್ಟರ್, ಅಬಟ್, ಕ್ಲೈನ್ ಎಂಬ ಮೂವರು ಬೆರಳೆಣಿಕೆಯ ಬಲವಾದ ಗೆರೆಗಳ ಜೊತೆ ಲೆಕ್ಕವಿಲ್ಲದಷ್ಟು ದುರ್ಬಲ ಗೆರೆಗಳನ್ನೂ ಸೇರಿಸಿದಾಗ ಅಂಕಿ ಬಹುಪಟ್ಟು ಏರಿ, ಆಗಿನ ವೀಕ್ಷಣೆಗೆ ಹೊಂದಿತು. ಈ ಚೌಕಟ್ಟನ್ನು ಇವತ್ತಿಗೂ ಯಾರೂ ಕದಲಿಸಿಲ್ಲ.

ಚೌಕಟ್ಟು ಗಟ್ಟಿಯಿದ್ದ ಮಾತ್ರಕ್ಕೆ ಲೆಕ್ಕ ಸುಲಭವಾಗಲಿಲ್ಲ. ಸಾಹಾ ಅವರದ್ದೇ 1920ರ ಪ್ರಸಿದ್ಧ ಸಮೀಕರಣ ಉಷ್ಣತೆ ಮತ್ತು ಒತ್ತಡ ಗೊತ್ತಿದ್ದರೆ ಎಷ್ಟು ಪರಮಾಣು ಅಯಾನಾಗಿರುತ್ತದೆ ಎಂದು ಹೇಳುತ್ತದೆ, ಆದರೆ ಅನಿಲ ಉಷ್ಣ ಸಮತೋಲದಲ್ಲಿರಬೇಕು. ಈ ಗಾಳಿಯಲ್ಲಿ ಸಮತೋಲವೆಂಬುದಿಲ್ಲ. ತೆಳುವಾದ ಅನಿಲದ ಮೇಲೆ ದೂರದ ಸುಡುಬೆಳಕು ಬೀಳುತ್ತಿರುವುದರಿಂದ ಪ್ರತಿ ಅಯಾನಿನ ಪ್ರತಿ ಶಕ್ತಿಮಟ್ಟಕ್ಕೂ ಬಂದದ್ದೆಷ್ಟು, ಹೋದದ್ದೆಷ್ಟು ಎಂದು ಪ್ರತ್ಯೇಕ ಖಾತೆ ಬರೆಯಬೇಕು. ಅಯಾನುಗಳ ಎಣಿಕೆಯನ್ನು ನಿರ್ಧರಿಸುವುದು ಬೆಳಕು. ಆ ಬೆಳಕನ್ನು ತಡೆಯುವುದು ಅದೇ ಅಯಾನುಗಳು. ಹಾಗಾಗಿ ಎರಡನ್ನೂ ಒಟ್ಟಿಗೆ, ಅವು ಹೊಂದುವವರೆಗೆ ಮತ್ತೆ ಮತ್ತೆ ಬಿಡಿಸಬೇಕು. ಈಗ ಬಳಕೆಯಲ್ಲಿರುವ ಸಿಎಂಎಫ್‌ಜೆನ್, ಪವರ್, ಫಾಸ್ಟ್‌ವಿಂಡ್ ಎಂಬ ಮೂರು ಪ್ರೋಗ್ರಾಂಗಳು ಮಾಡುವುದು ಇದನ್ನೇ. ಸಾವಿರಾರು ಶಕ್ತಿಮಟ್ಟ, ಲಕ್ಷಗಟ್ಟಲೆ ಗೆರೆ. ಇಂಥ ರೇಖೆಗಳ ಆಕಾರದ ಮೇಲೆ ಕೈಯಿಂದ ಲೆಕ್ಕ ಹಾಕುವ ಕಾಲದಲ್ಲೇ ತಲೆ ಕೆಡಿಸಿಕೊಂಡವರಲ್ಲಿ ವೈನು ಬಪ್ಪು ಒಬ್ಬರು. ಗಾಳಿ ಎಷ್ಟು ದಟ್ಟವಾಗಿದೆಯೆಂದರೆ ನಕ್ಷತ್ರದ ಮೇಲ್ಮೈಯೇ ಕಾಣದಂಥ ವುಲ್ಫ್-ರಾಯೆ ನಕ್ಷತ್ರಗಳ ಗೆರೆಗಳ ಬಗ್ಗೆ ಅವರು 1954ರಲ್ಲಿ ಡೊನಾಲ್ಡ್ ಮೆನ್ಜೆಲ್ ಜೊತೆ ಬರೆದರು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಸ್ಥಾಪಕರೆಂದು ನಾವು ಅವರನ್ನು ನೆನೆಯುತ್ತೇವೆ. ಅವರ ಈ ಕೆಲಸದ ಮಾತು ಬರುವುದು ಕಡಿಮೆ.

ಗಂಟಿನ ಕಥೆಗೆ ಬರೋಣ. ಮಿಲ್ನ್ ಹೇಳಿದ ತತ್ತ್ವವೇ ಗಾಳಿಯನ್ನು ಅಸ್ಥಿರಗೊಳಿಸುತ್ತದೆ. ಒಂದು ತುಣುಕು ಅನಿಲ ಹೇಗೋ ಪಕ್ಕದ್ದಕ್ಕಿಂತ ಕೊಂಚ ವೇಗ ಪಡೆಯಿತೆನ್ನಿ. ಕೂಡಲೇ ಅದು ಹಿಂದಿನವುಗಳ ನೆರಳಿನಿಂದ ಹೊರಬಂದು ಹೆಚ್ಚು ಬೆಳಕು ಹೀರುತ್ತದೆ, ಇನ್ನಷ್ಟು ವೇಗ ಪಡೆಯುತ್ತದೆ, ಮುಂದಿನದಕ್ಕೆ ಹೋಗಿ ಅಪ್ಪಳಿಸುತ್ತದೆ. ಸ್ಟ್ಯಾನ್ಲಿ ಒವೊಕಿ, ಕ್ಯಾಸ್ಟರ್, ರಿಬಿಕಿ 1988ರಲ್ಲಿ ಇದನ್ನು ಕಂಪ್ಯೂಟರಿನಲ್ಲಿ ಓಡಿಸಿ ನೋಡಿದಾಗ ನುಣುಪು ಗಾಳಿ ಒಡೆದು ದಟ್ಟ ಗಂಟುಗಳೂ ಅವುಗಳ ನಡುವೆ ಬರಿದಾದ ಜಾಗವೂ ಉಂಟಾದವು. ಅಪ್ಪಳಿಸಿದಲ್ಲಿ ಅನಿಲ ಲಕ್ಷಾಂತರ ಡಿಗ್ರಿ ಕಾಯಬೇಕು, ಎಕ್ಸ್‌ರೇ ಹೊರಡಬೇಕು. 1978ರಲ್ಲಿ ಹಾರಿಸಿದ ಐನ್‌ಸ್ಟೈನ್ ಉಪಗ್ರಹ ಇಂಥ ನಕ್ಷತ್ರಗಳಿಂದ ಎಕ್ಸ್‌ರೇ ಬರುವುದನ್ನು ಆಗಲೇ ಕಂಡಿತ್ತು. ಈಗ ಲೆಕ್ಕದ ಕೀಲು ಎಲ್ಲಿ ತಪ್ಪುತ್ತದೆ ನೋಡಿ. ಗಾಳಿಯ ತೂಕ ಅಳೆಯಲು ಹಿಂದಿನಿಂದ ಬಳಸಿದ್ದು ಹೈಡ್ರೋಜನ್ನಿನ ಕೆಂಪು ಗೆರೆ ಮತ್ತು ರೇಡಿಯೊ ಹೊಮ್ಮುವಿಕೆ. ಎರಡೂ ಹುಟ್ಟುವುದು ಎರಡು ಕಣ ಪರಸ್ಪರ ಹತ್ತಿರ ಬಂದಾಗ. ಆದ್ದರಿಂದ ಅವುಗಳ ಹೊಳಪು ಸಾಂದ್ರತೆಯ ವರ್ಗಕ್ಕೆ ತಕ್ಕಂತೆ ಏರುತ್ತದೆ. ಇದ್ದಷ್ಟೇ ದ್ರವ್ಯವನ್ನು ಹತ್ತನೇ ಒಂದು ಭಾಗ ಜಾಗಕ್ಕೆ ಒತ್ತಿದರೆ ಸಾಂದ್ರತೆ ಹತ್ತು ಪಟ್ಟಾಗುತ್ತದೆ. ಪ್ರತಿ ಘನ ಸೆಂಟಿಮೀಟರಿನ ಹೊಳಪು ನೂರು ಪಟ್ಟು. ಹೊಳೆವ ಜಾಗ ಹತ್ತನೇ ಒಂದು. ಒಟ್ಟು ಹೊಳಪು ಹತ್ತು ಪಟ್ಟು. ಗಾಳಿ ನುಣುಪು ಎಂದುಕೊಂಡವನು ಈ ಹೊಳಪನ್ನು ಕಂಡು ದ್ರವ್ಯ ಹತ್ತರ ವರ್ಗಮೂಲದಷ್ಟು, ಅಂದರೆ ಮೂರು ಪಟ್ಟಿಗಿಂತ ತುಸು ಹೆಚ್ಚು ಇದೆಯೆಂದು ಬರೆಯುತ್ತಾನೆ. ಅವನ ಮಾದರಿ ಗೆರೆಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದುತ್ತದೆ, ಉತ್ತರ ಮಾತ್ರ ತಪ್ಪು. ಮಾದರಿಗಳ ಬಗ್ಗೆ ಇದಕ್ಕಿಂತ ದೊಡ್ಡ ಎಚ್ಚರಿಕೆ ನನಗೆ ಗೊತ್ತಿಲ್ಲ.

ವರ್ಗದ ಈ ಆಟಕ್ಕೆ ಸಿಕ್ಕದ ಸಾಕ್ಷಿ ಬೇಕಿತ್ತು. ಅದು ಸಿಕ್ಕಿದ್ದು ರಂಜಕದಲ್ಲಿ. ರಂಜಕ ತೀರ ವಿರಳವಾದ್ದರಿಂದ ಅದರ ಗೆರೆ ಇಂಗಾಲದ್ದರಂತೆ ತಳಮುಟ್ಟಿ ಕಪ್ಪಾಗುವುದಿಲ್ಲ, ಮತ್ತು ಅದರ ಆಳ ಸಾಂದ್ರತೆಗೆ ನೇರ ಪ್ರಮಾಣದಲ್ಲಿರುತ್ತದೆ. ಫ್ಯೂಸ್ ಎಂಬ ಅತಿನೇರಳೆ ಉಪಗ್ರಹದ ರೋಹಿತಗಳನ್ನು ಹಿಡಿದು ಫುಲರ್ಟನ್, ಮಸ್ಸಾ, ಪ್ರಿಂಜಾ 2006ರಲ್ಲಿ ಲೆಕ್ಕ ಹಾಕಿದಾಗ ಗಾಳಿಯ ತೂಕ ಹತ್ತನೇ ಒಂದು ಭಾಗಕ್ಕೂ ಕೆಳಗೆ ಬಂದು ಕುಳಿತಿತು. ಕ್ಷೇತ್ರದಲ್ಲಿ ಗಲಿಬಿಲಿಯಾಯಿತು. ಮರುವರ್ಷವೇ ಪೋಟ್ಸ್‌ಡಾಮ್‌ನ ಒಸ್ಕಿನೋವಾ ಮತ್ತು ಸಂಗಡಿಗರು ತಕರಾರು ತೆಗೆದರು, ಅದು ನ್ಯಾಯವಾದ ತಕರಾರೇ ಆಗಿತ್ತು. ಪಂಚೆಯನ್ನು ಹರಡಿ ಕಟ್ಟಿದರೆ ಅಂಗಳಕ್ಕೆ ನೆರಳಾಗುತ್ತದೆ; ಅದೇ ಪಂಚೆಯನ್ನು ಮುದ್ದೆ ಮಾಡಿ ಹಗ್ಗಕ್ಕೆ ಸಿಕ್ಕಿಸಿದರೆ ಬಟ್ಟೆ ಅಷ್ಟೇ ಇದ್ದರೂ ಅಂಗಳವೆಲ್ಲ ಬಿಸಿಲು. ರಂಜಕವೂ ದಟ್ಟ ಗಂಟುಗಳಲ್ಲಿ ಅಡಗಿದ್ದರೆ ಬೆಳಕು ಸಂದಿಗಳಲ್ಲಿ ನುಸುಳಿ, ಗೆರೆ ತೆಳುವಾಗಿ ಕಂಡು, ದ್ರವ್ಯ ನಿಜಕ್ಕಿಂತ ಕಡಿಮೆ ಎಂಬ ಭ್ರಮೆ ಹುಟ್ಟಿಸುತ್ತದೆ. ಒಂದು ಸಾಕ್ಷಿ ಉಬ್ಬಿಸಿ ಹೇಳುತ್ತದೆ, ಇನ್ನೊಂದು ಕುಗ್ಗಿಸಿ. ಎರಡಕ್ಕೂ ಕಾರಣ ಒಂದೇ ಗಂಟು. ಇಬ್ಬರ ಹೇಳಿಕೆಯನ್ನೂ ಒಂದೇ ಗಂಟುಗಳ ಜಾಲದಿಂದ ವಿವರಿಸಲು ಹೊರಟರೆ ಅಂಕಿ ನಡುವೆ ಎಲ್ಲೋ, ಹಳೆಯದರ ಅರ್ಧದಿಂದ ಮೂರನೇ ಒಂದು ಭಾಗದ ಸುತ್ತಮುತ್ತ ನಿಲ್ಲುತ್ತದೆ. ಮೂರನೆಯ ಸಾಕ್ಷಿ ಚಂದ್ರಾ ಎಂಬ ಎಕ್ಸ್‌ರೇ ದೂರದರ್ಶಕದ್ದು. ಎಕ್ಸ್‌ರೇ ಗೆರೆಗಳಲ್ಲಿ ನಕ್ಷತ್ರದ ಆಚೆ ಬದಿಯಿಂದ ಬರುವ ಅರ್ಧ ಹೆಚ್ಚು ಗಾಳಿಯನ್ನು ದಾಟಿ ಬರಬೇಕಾದ್ದರಿಂದ ಸೊರಗಿರುತ್ತದೆ. ಆ ಸೊರಗಿನಿಂದ ದ್ರವ್ಯ ತಿಳಿಯುತ್ತದೆ. ಡೇವಿಡ್ ಕೋಹೆನ್ ಮತ್ತು ಸಂಗಡಿಗರು 2010ರಲ್ಲಿ ಜೀಟಾ ಪಪಿಸ್‌ಗೆ ಹೀಗೆ ಲೆಕ್ಕ ಹಾಕಿದಾಗ ಬಂದದ್ದೂ ಇದೇ ಬಗೆಯ ತಗ್ಗಿದ ಅಂಕಿ.

ಇಲ್ಲೊಂದು ಆಕ್ಷೇಪ ಬರಬೇಕು. ಗಂಟಿನ ದಟ್ಟಣೆ, ಸಂದಿಯ ಅಗಲ, ಗಂಟುಗಳ ವೇಗದ ಹರಹು ಎಂದು ಹೊಸ ಹೊಸ ತಿರುಪುಗಳನ್ನು ಸೇರಿಸುತ್ತಾ ಹೋದರೆ ಯಾವ ಗೆರೆಯನ್ನು ಬೇಕಾದರೂ ಹೊಂದಿಸಬಹುದಲ್ಲವೇ? ಇದು ವಿಜ್ಞಾನವೋ ತೇಪೆ ಕೆಲಸವೋ? ಆಕ್ಷೇಪದಲ್ಲಿ ಹುರುಳಿದೆ. ಗಂಟುಗಳು ನಕ್ಷತ್ರದಿಂದ ಎಷ್ಟು ದೂರದಲ್ಲಿ ಹುಟ್ಟುತ್ತವೆ ಎಂಬುದನ್ನು ಬಹಳಷ್ಟು ಮಾದರಿಗಳು ಮೊದಲೇ ಊಹಿಸಿಕೊಳ್ಳುತ್ತವೆ, ಲೆಕ್ಕದಿಂದ ಪಡೆಯುವುದಿಲ್ಲ. ಅಸ್ಥಿರತೆಯ ಅನುಕರಣೆಗಳೂ ಬಹುಕಾಲ ಒಂದೇ ಆಯಾಮದಲ್ಲಿ ನಡೆದವು. ಗಂಟಿನ ಬದಲು ಚಿಪ್ಪು ಹುಟ್ಟಿಸುವ ಲೆಕ್ಕ ಅದು. ಆದರೂ ತೇಪೆ ಎನ್ನುವುದು ಅನ್ಯಾಯ. ತೇಪೆಯಾಗಿದ್ದರೆ ಒಂದೊಂದು ಸಾಕ್ಷಿಗೆ ಒಂದೊಂದು ತಿರುಪು ಬೇಕಾಗುತ್ತಿತ್ತು. ಇಲ್ಲಿ ಒಂದೇ ತಿರುಪಿನ ಜೋಡಣೆ ಕೆಂಪು ಗೆರೆ, ರಂಜಕ, ಎಕ್ಸ್‌ರೇ ಮೂರಕ್ಕೂ ಒಟ್ಟಿಗೆ ಉತ್ತರ ಕೊಡಬೇಕಾದ ಒತ್ತಡದಲ್ಲಿದೆ. ಅದೂ ಅಲ್ಲದೆ 1998ರಲ್ಲೇ ಎವರ್ಸ್‌ಬರ್ಗ್, ಲೆಪೀನ್, ಮೊಫಟ್ ಜೀಟಾ ಪಪಿಸ್‌ನ ಹೀಲಿಯಂ ಗೆರೆಯ ಮೇಲೆ ಸಣ್ಣ ಉಬ್ಬುಗಳು ಗಂಟೆಗಳ ಅವಧಿಯಲ್ಲಿ ಅಂಚಿನ ಕಡೆಗೆ ಸರಿಯುವುದನ್ನು ಕಂಡಿದ್ದರು. ಗಂಟುಗಳು ಹೊರಗೆ ಹೋಗುತ್ತಿರುವುದೇ ಅದು. ಇನ್ನೊಂದು ಕಡೆ, ಗೆರೆಗಳನ್ನು ಹೊಂದಿಸುವ ಗೊಡವೆಗೆ ಹೋಗದೆ ಬಲದ ಸಮೀಕರಣವನ್ನೇ ಬಿಡಿಸಿ ದ್ರವ್ಯದ ದರವನ್ನು ಮುನ್ನುಡಿಯುವ ಲೂವೆನ್ ತಂಡದ ಇತ್ತೀಚಿನ ಲೆಕ್ಕಗಳೂ, ದಶಕಗಳಿಂದ ಎಲ್ಲರೂ ಬಳಸುತ್ತಿದ್ದ ಯೋರಿಕ್ ವಿಂಕ್ ಮತ್ತು ಸಂಗಡಿಗರ 2001ರ ಸೂತ್ರಕ್ಕಿಂತ ಸುಮಾರು ಮೂರು ಪಟ್ಟು ಕೆಳಗಿವೆ. ಬೇರೆ ಬೇರೆ ದಾರಿ ಹಿಡಿದವರು ಒಂದೇ ಊರಿನ ಹತ್ತಿರ ಬಂದಿದ್ದಾರೆ ಎಂದಾದರೆ ಆ ಊರು ಇರುವ ಸಂಭವವೇ ಹೆಚ್ಚು.

ಎರಡನೆಯ ಆಕ್ಷೇಪ ಇನ್ನೂ ಬಲವಾದದ್ದು: ನಕ್ಷತ್ರ ಮೈ ಕಳೆದುಕೊಳ್ಳುವುದು ಗಾಳಿಯಿಂದಷ್ಟೇ ಅಲ್ಲ. ಈಟಾ ಕರೀನೆ ಎಂಬ ನಕ್ಷತ್ರ 1840ರ ದಶಕದ ಮಹಾಸ್ಫೋಟದಲ್ಲಿ ಕೆಲವೇ ವರ್ಷಗಳಲ್ಲಿ ಹತ್ತು ಸೂರ್ಯರಷ್ಟನ್ನೋ ಅದಕ್ಕೂ ಹೆಚ್ಚನ್ನೋ ಚೆಲ್ಲಿತು. ಇಂಥ ಭಾರಿ ನಕ್ಷತ್ರಗಳಲ್ಲಿ ನೂರಕ್ಕೆ ಎಪ್ಪತ್ತರಷ್ಟು ಬದುಕಿನ ಒಂದಲ್ಲ ಒಂದು ಹಂತದಲ್ಲಿ ಜೊತೆಗಾರ ನಕ್ಷತ್ರದೊಂದಿಗೆ ದ್ರವ್ಯದ ಕೊಡುಕೊಳ್ಳುವಿಕೆಗೆ ಇಳಿಯುತ್ತವೆ ಎಂದು ಹ್ಯೂಗ್ಸ್ ಸಾನಾ ತಂಡ 2012ರಲ್ಲಿ ತೋರಿಸಿತು. ಹಾಗಿರುವಾಗ ಗಾಳಿಯ ಅಂಕಿಗೆ ಇಷ್ಟು ಮಹತ್ವ ಏಕೆ? ನನ್ನ ಉತ್ತರ: ಗಾಳಿಯ ಪಾಲು ಕಡಿಮೆಯಾದಷ್ಟೂ ಉಳಿದ ಎರಡರ ಪಾಲನ್ನು ಹೆಚ್ಚಿಸಲೇಬೇಕಾಗುತ್ತದೆ. ಹೈಡ್ರೋಜನ್ ಹೊದಿಕೆ ಕಳಚಿಕೊಂಡ ವುಲ್ಫ್-ರಾಯೆ ನಕ್ಷತ್ರಗಳು ಕಣ್ಣೆದುರು ಇವೆ. ಗಾಳಿಯೇ ಹೊದಿಕೆ ಕಿತ್ತಿತು ಎಂಬ ಹಳೆಯ ವಿವರಣೆ ತಗ್ಗಿದ ಅಂಕಿಯಿಂದ ಎಲ್ಲ ಕಡೆಯೂ ನಿಲ್ಲದು, ಆಗ ಜೊತೆಗಾರನ ಕಡೆ ಬೆರಳು ತೋರಿಸಬೇಕು. ಗಾಳಿಯ ಲೆಕ್ಕ ಸರಿಯಾಗದೆ ಉಳಿದ ಲೆಕ್ಕವೂ ಸರಿಯಾಗದು.

ಕೃಷ್ಣರಂಧ್ರಗಳೂ ಈಗ ಸಾಕ್ಷಿ ಹೇಳತೊಡಗಿವೆ. 2015ರ ಸೆಪ್ಟೆಂಬರ್ 14ರಂದು ಲೈಗೋ ಹಿಡಿದ ಮೊದಲ ಗುರುತ್ವ ಅಲೆ ಸೂರ್ಯನ ಸುಮಾರು 36 ಮತ್ತು 29 ಪಟ್ಟಿನ ಎರಡು ಕೃಷ್ಣರಂಧ್ರಗಳ ವಿಲೀನದ್ದು. ಹಳೆಯ ಬಿರುಗಾಳಿಯ ಲೆಕ್ಕದಲ್ಲಿ, ಸೂರ್ಯನಷ್ಟು ಲೋಹಾಂಶವಿರುವ ನಕ್ಷತ್ರದಿಂದ ಅಷ್ಟು ಭಾರದ್ದು ಉಳಿಯುವುದು ಕಷ್ಟ (ಹೈಡ್ರೋಜನ್, ಹೀಲಿಯಂ ಬಿಟ್ಟು ಉಳಿದ ಧಾತುಗಳನ್ನೆಲ್ಲ ಖಗೋಳಜ್ಞರು ಲೋಹವೆಂದೇ ಕರೆಯುತ್ತಾರೆ). ತಳ್ಳು ಬೀಳುವುದು ಕಬ್ಬಿಣದಂಥ ಧಾತುಗಳ ಮೇಲಾದ್ದರಿಂದ ಅವು ಕಡಿಮೆಯಿರುವಲ್ಲಿ ಗಾಳಿಯೂ ಮಂದ. ಲೋಹಾಂಶ ಕಮ್ಮಿಯಿದ್ದ ಕಡೆ ಆ ನಕ್ಷತ್ರಗಳು ಹುಟ್ಟಿರಬೇಕೆಂದು ಲೈಗೋ ತಂಡವೇ ಬರೆಯಿತು. 2024ರಲ್ಲಿ ಗಾಯಾ ಉಪಗ್ರಹ ಪತ್ತೆಹಚ್ಚಿದ, ಸೂರ್ಯನ 33 ಪಟ್ಟಿನ ಕೃಷ್ಣರಂಧ್ರದ ಜೊತೆಗಾರ ನಕ್ಷತ್ರ ನಿಜಕ್ಕೂ ಲೋಹ ತೀರ ಕಡಿಮೆಯಿರುವಂಥದ್ದು. ಆದರೆ ನನಗೆ ಹೆಚ್ಚು ಮುಖ್ಯವೆನಿಸುವುದು ಸಿಗ್ನಸ್ ಎಕ್ಸ್-1 ಎಂಬ, ನಕ್ಷತ್ರ ಮತ್ತು ಕೃಷ್ಣರಂಧ್ರದ ಜೋಡಿ. ಅದು ನಮ್ಮ ಗೆಲಾಕ್ಸಿಯದ್ದೇ, ಲೋಹಕ್ಕೆ ಬರವಿಲ್ಲದ ನೆರೆಹೊರೆಯದ್ದು. 2021ರಲ್ಲಿ ಅದರ ದೂರವನ್ನು ಹೊಸದಾಗಿ ಅಳೆದಾಗ ಅಲ್ಲಿನ ಕೃಷ್ಣರಂಧ್ರ ಹಿಂದಿನ ಹದಿನೈದರ ಬದಲು ಸೂರ್ಯನ 21 ಪಟ್ಟು ತೂಗಿತು. ಇಲ್ಲಿ ಲೋಹದ ಕೊರತೆಯ ನೆಪವಿಲ್ಲ. ಗಾಳಿಯೇ ನಾವಂದುಕೊಂಡದ್ದಕ್ಕಿಂತ ಮಂದವಾಗಿರಬೇಕು.

ಉಳಿದಿರುವ ತೊಡಕು ಚಿಕ್ಕದಲ್ಲ. ಇಂಥ ಬಿಸಿಯಾದ ಭಾರಿ ನಕ್ಷತ್ರಗಳಲ್ಲೇ ಬೆಳಕು ಕಡಿಮೆಯಿರುವವುಗಳಲ್ಲಿ ಗಾಳಿ, ವಿಂಕ್ ಅವರ ಸೂತ್ರ ಹೇಳುವುದರ ಹತ್ತನೇ ಒಂದು, ಕೆಲವೆಡೆ ನೂರನೇ ಒಂದು ಭಾಗದಷ್ಟೇ ಕಾಣುತ್ತದೆ; ದ್ರವ್ಯ ನಿಜಕ್ಕೂ ಇಲ್ಲವೋ, ಬಿಸಿಯಾಗಿ ಅತಿನೇರಳೆಗೆ ಕಾಣದಂತಾಗಿದೆಯೋ ತೀರ್ಮಾನವಾಗಿಲ್ಲ. ಲೋಹ ಕಡಿಮೆಯಾದಂತೆ ಗಾಳಿ ಎಷ್ಟು ಮಂದವಾಗುತ್ತದೆ ಎಂಬುದನ್ನೂ ಅಳೆದು ನೋಡಬೇಕು. ಅದಕ್ಕೆ ಬೇಕಾಗಿರುವುದು ಲೋಹಾಂಶ ಕಡಿಮೆಯಿರುವ ಗೆಲಾಕ್ಸಿಗಳ ನಕ್ಷತ್ರಗಳ ಅತಿನೇರಳೆ ರೋಹಿತಗಳು. ಸೂರ್ಯನ ಐದನೇ ಒಂದು ಭಾಗದಷ್ಟು ಲೋಹವಿರುವ ಕಿರಿಯ ಮೆಗಲಾನಿಕ್ ಮೋಡ ಮತ್ತು ಅರ್ಧದಷ್ಟಿರುವ ಹಿರಿಯ ಮೋಡದ ನಕ್ಷತ್ರಗಳ ದೊಡ್ಡದೊಂದು ಸಂಗ್ರಹವನ್ನು ಹಬಲ್ ಯುಲಿಸೀಸ್ ಎಂಬ ಯೋಜನೆಯಲ್ಲಿ ಮಾಡಿಕೊಟ್ಟಿದೆ. ಆದರೆ ಹಬಲ್ ಮೇಲೇರಿದ್ದು 1990ರಲ್ಲಿ, ಅದರ ಆಯುಷ್ಯ ಇನ್ನು ಬಹಳವಿಲ್ಲ. 2015ರಲ್ಲಿ ಹಾರಿದ ಆಸ್ಟ್ರೋಸ್ಯಾಟ್‌ನ ಅತಿನೇರಳೆ ದೂರದರ್ಶಕವನ್ನು ಸಿದ್ಧಪಡಿಸಿದ್ದು ಭಾರತೀಯ ಖಭೌತ ಸಂಸ್ಥೆ, ಹೊಸಕೋಟೆಯ ತನ್ನ ಆವರಣದಲ್ಲಿ. ಅದು ಮುಖ್ಯವಾಗಿ ಚಿತ್ರ ತೆಗೆಯುವ ಉಪಕರಣ. ಗೆರೆಯ ಅಂಚನ್ನು ಓದುವಷ್ಟು ಸೂಕ್ಷ್ಮ ರೋಹಿತ ಅದರ ಕೆಲಸವಲ್ಲ. ಅದೇ ಸಂಸ್ಥೆ ಇನ್‌ಸಿಸ್ಟ್ ಎಂಬ ಹೆಸರಿನಲ್ಲಿ, ರೋಹಿತವನ್ನೂ ತೆಗೆಯಬಲ್ಲ ಅತಿನೇರಳೆ ದೂರದರ್ಶಕದ ಪ್ರಸ್ತಾಪವನ್ನು ಮುಂದಿಟ್ಟಿದೆ. ಲೈಗೋ-ಇಂಡಿಯಾಕ್ಕೆ 2023ರಲ್ಲಿ ಒಪ್ಪಿಗೆ ಕೊಟ್ಟ ಸರ್ಕಾರ, ಆ ಯಂತ್ರ ಕೇಳಲಿರುವ ಕೃಷ್ಣರಂಧ್ರಗಳ ಹುಟ್ಟನ್ನು ಹೇಳಬಲ್ಲ ಈ ದೂರದರ್ಶಕಕ್ಕೂ ಹಣ ಕೊಡಬೇಕು.